ದ್ವೀಪವಲ್ಲದ ದ್ವೀಪಕ್ಕೆ ಒಂದು ದಿನ

ಹೈದರಾಬಾದಿಗೆ ಬಂದ ನೆಂಟರಿಗೆ ತೋರಿಸುವ ಜಾಗಗಳು ಎರಡು ದಿನಕ್ಕೆ ಮುಗಿದುಹೋಗುತ್ತವೆ. ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ಮ್ಯೂಸಿಯಂ, ಸಂಜೆಗೆ ಹುಸೇನ್‌ಸಾಗರದ ನಡುವೆ ನಿಂತ ಬುದ್ಧ. ಮೂರನೆಯ ದಿನಕ್ಕೆ ಏನು ಎಂದರೆ, ಇಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಸಿಗುವ ಉತ್ತರ ನಾಗಾರ್ಜುನಸಾಗರ. ಸುಮಾರು 150 ಕಿಲೋಮೀಟರ್ ದಾರಿ. ಬೆಳಿಗ್ಗೆ ಬೇಗ ಹೊರಟರೆ ರಾತ್ರಿ ಊಟಕ್ಕೆ ಮನೆ. ಗೈಡ್ ಇರುವ ಬಸ್ಸಿನಲ್ಲಿ ಹೋದರೆ ಒಂದೇ ದಿನದಲ್ಲಿ ಬುದ್ಧವನಂ, ಅಣೆಕಟ್ಟು, ಲಾಂಚಿನಲ್ಲಿ ನಾಗಾರ್ಜುನಕೊಂಡ ದ್ವೀಪ, ಸಮಯ ಉಳಿದರೆ ಎತ್ತಿಪೋತಲ ಜಲಪಾತ. ನಿಸರ್ಗವೂ ಆಯಿತು, ಸಂಸ್ಕೃತಿಯೂ ಆಯಿತು.

ಒಂದು ದಿನದಲ್ಲಿ ಏನು ನೋಡಲಾಗುತ್ತದೆ ಎಂದು ಇಂಥ ಪ್ರವಾಸಗಳ ಬಗ್ಗೆ ಮೂಗು ಮುರಿಯುವವರಿದ್ದಾರೆ. ನಾನು ಆ ಪಕ್ಷದವನಲ್ಲ. ವಾರಕ್ಕೊಂದೇ ರಜೆ ಇರುವ ಮನೆಗೆ, ಮಂಡಿನೋವಿನ ಅತ್ತೆಯನ್ನೂ ಆರು ವರ್ಷದ ಮಗುವನ್ನೂ ಒಟ್ಟಿಗೆ ಕರೆದೊಯ್ಯಬೇಕಾದವರಿಗೆ, ಬಸ್ಸು, ಗೈಡ್, ಗೊತ್ತಾದ ಹೊತ್ತಿಗೆ ಊಟ ಇವೆಲ್ಲ ದೊಡ್ಡ ಉಪಕಾರ. ನನ್ನ ತಕರಾರು ಇರುವುದು ಒಂದೇ ಒಂದು ಪದದ ಬಗ್ಗೆ: ದ್ವೀಪ. ಈ ಪ್ರವಾಸದ ಜಾಹೀರಾತಿನಲ್ಲಿ, ಲಾಂಚಿನ ಮಾತಿನಲ್ಲಿ, ಮರಳಿ ಬಂದವರ ಫೋಟೋಗಳ ಕೆಳಗೆ ಅದು ದ್ವೀಪ. ಅದು ಯಾವಾಗ, ಹೇಗೆ ದ್ವೀಪವಾಯಿತು ಎಂಬ ಎರಡನೆಯ ವಾಕ್ಯ ಬಹಳ ಸಲ ಬರುವುದೇ ಇಲ್ಲ.

ನಾಗಾರ್ಜುನಕೊಂಡ ಹೆಸರೇ ಹೇಳುವಂತೆ ಬೆಟ್ಟ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಮೂರು ಕಡೆ ನಲ್ಲಮಲ ಸಾಲಿನ ಗುಡ್ಡಗಳು, ಒಂದು ಕಡೆ ಕೃಷ್ಣಾ ನದಿ. ನಡುವಿನ ಅಗಲ ಕಣಿವೆಯಲ್ಲಿ ಎದ್ದು ನಿಂತಿದ್ದ ಗುಡ್ಡವಿದು. ಅದರ ನೆತ್ತಿಯ ಮೇಲೆ ಮಧ್ಯಕಾಲದ ಕೋಟೆಯೊಂದಿತ್ತು. ಕೆಳಗಿನ ಕಣಿವೆಯಲ್ಲಿ ಕ್ರಿಸ್ತಶಕ 3 ಮತ್ತು 4ನೆಯ ಶತಮಾನಗಳಲ್ಲಿ ಇಕ್ಷ್ವಾಕು ರಾಜರ ರಾಜಧಾನಿ ವಿಜಯಪುರಿ ಇತ್ತು. 1955ರ ಡಿಸೆಂಬರ್ 10ರಂದು ನೆಹರೂ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗಿನ್ನೂ ಆಂಧ್ರಪ್ರದೇಶ ಹುಟ್ಟಿರಲಿಲ್ಲ. ನದಿಯ ಉತ್ತರ ದಂಡೆ ಹೈದರಾಬಾದ್ ರಾಜ್ಯ, ದಕ್ಷಿಣ ದಂಡೆ ಆಂಧ್ರ ರಾಜ್ಯ. 1967ರ ಆಗಸ್ಟ್ 4ರಂದು ಇಂದಿರಾ ಗಾಂಧಿ ಕಾಲುವೆಗಳಿಗೆ ನೀರು ಬಿಟ್ಟರು. ಆ ಹನ್ನೆರಡು ವರ್ಷಗಳ ನಡುವೆ ಬೆಟ್ಟ ದ್ವೀಪವಾಯಿತು, ಕಣಿವೆ ಕೆರೆಯಾಯಿತು. ಲಾಂಚಿನಲ್ಲಿ ಮುಕ್ಕಾಲು ಗಂಟೆ ಕೂತು ನಾವು ದಾಟುವುದು ಸಮುದ್ರವನ್ನಲ್ಲ, ಒಂದು ಊರಿನ ಆಕಾಶವನ್ನು.

ಆ ಊರು ಏನಾಗಿತ್ತು ಎಂಬುದು ನಮಗೆ ಚೆನ್ನಾಗಿ ಗೊತ್ತು. 1926ರಲ್ಲಿ ಅಲ್ಲಿ ನಿಂತಿದ್ದ ಶಾಸನದ ಕಂಬವೊಂದು ಗಮನಕ್ಕೆ ಬಂದ ಮೇಲೆ ಲಾಂಗ್‌ಹರ್ಸ್ಟ್ 1927ರಿಂದ 1931ರವರೆಗೆ ಅಗೆದರು, ಆಮೇಲೆ ಟಿ.ಎನ್. ರಾಮಚಂದ್ರನ್. ಅಣೆಕಟ್ಟು ಬರುವುದು ಖಾತ್ರಿಯಾದಾಗ ಆರ್. ಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಪುರಾತತ್ವ ಇಲಾಖೆ 1954ರಿಂದ 1960ರವರೆಗೆ ಇಡೀ ಕಣಿವೆಯನ್ನು ಗಡಿಯಾರ ನೋಡಿಕೊಂಡು ಅಗೆಯಿತು. ಶಿಲಾಯುಗದ ಕಲ್ಲಿನ ಹತಾರಗಳಿಂದ ಹಿಡಿದು ಬೃಹತ್ ಶಿಲಾಸಮಾಧಿಗಳು, ಸ್ತೂಪಗಳು, ವಿಹಾರಗಳು, ದೇವಾಲಯಗಳು, ನದಿಯ ಸ್ನಾನಘಟ್ಟ, ಮೆಟ್ಟಿಲುಗಳಿಂದ ಸುತ್ತುವರಿದ ಬಯಲು ರಂಗಮಂದಿರದವರೆಗೆ ಎಲ್ಲ ಸಿಕ್ಕಿತು. ಆಯ್ದ ಒಂಬತ್ತು ಕಟ್ಟಡಗಳನ್ನು ಬಿಚ್ಚಿ ಬೆಟ್ಟದ ನೆತ್ತಿಯ ಮೇಲೆ ಮತ್ತೆ ಕಟ್ಟಿದರು. ರಂಗಮಂದಿರ ದಂಡೆಯ ಅನುಪು ಎಂಬಲ್ಲಿಗೆ ಹೋಯಿತು. ಈಜಿಪ್ಟಿನ ಅಬು ಸಿಂಬೆಲ್ ದೇಗುಲವನ್ನು ಕೊಯ್ದು ಮೇಲೆತ್ತಿದ್ದನ್ನು ಜಗತ್ತು ಇವತ್ತಿಗೂ ಕೊಂಡಾಡುತ್ತದೆ. ಆ ಕೆಲಸ ಶುರುವಾದದ್ದು 1964ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಇಲ್ಲಿ ಅಗೆತ ಆರಂಭವಾಗಿತ್ತು ಎಂಬುದು ನಮ್ಮವರಿಗೇ ನೆನಪಿಲ್ಲ.

ಕನ್ನಡ ಓದುಗರಿಗೆ ಈ ಕಣಿವೆಯಲ್ಲಿ ಒಂದು ಸ್ವಂತ ನೆಂಟಸ್ತಿಕೆಯೂ ಇದೆ. ಇಕ್ಷ್ವಾಕು ರಾಜ ವೀರಪುರುಷದತ್ತನ ಮಗಳು ಕೊಡಬಲಿಸಿರಿ ಮದುವೆಯಾಗಿ ಹೋದದ್ದು ಬನವಾಸಿಗೆ. ಶಾಸನ ಅವಳನ್ನು ವನವಾಸದ ಮಹಾರಾಜನ ಮಹಾದೇವಿ ಎಂದು ಕರೆಯುತ್ತದೆ. ಅಣ್ಣನೋ ತಮ್ಮನೋ ಆದ ಎಹುವಲ ಚಾಂತಮೂಲನ ಆಳ್ವಿಕೆಯ 11ನೆಯ ವರ್ಷದಲ್ಲಿ ಅವಳು ತವರಿನಲ್ಲಿ ಮಹೀಶಾಸಕ ಪಂಥದ ಭಿಕ್ಷುಗಳಿಗಾಗಿ ಒಂದು ವಿಹಾರ ಕಟ್ಟಿಸಿದಳು. ಕದಂಬರು ಬನವಾಸಿಯಲ್ಲಿ ತಲೆಯೆತ್ತುವ ಮುಂಚಿನ ಮಾತು ಇದು. ಬೋಧಿಸಿರಿ ಎಂಬ ಮತ್ತೊಬ್ಬ ಉಪಾಸಿಕೆಯ ಶಾಸನದಲ್ಲಿ ಕಾಶ್ಮೀರ, ಗಾಂಧಾರ, ಚೀನಾ, ವಂಗ, ಸಿಂಹಳಗಳ ಸಾಲಿನಲ್ಲೇ ವನವಾಸಿಯ ಹೆಸರು ಬರುತ್ತದೆ. ಅಶ್ವಮೇಧ ಮಾಡಿದ ದೊರೆ ಚಾಂತಮೂಲನ ತಂಗಿ ಚಾಂತಸಿರಿಯೇ ಮಹಾಚೈತ್ಯಕ್ಕೆ ಕಂಬ ನಿಲ್ಲಿಸಿದವಳು. ಮನೆಯ ಗಂಡಸರು ಯಜ್ಞ ಮಾಡುತ್ತಿದ್ದರೆ ಹೆಂಗಸರು ಬುದ್ಧನಿಗೆ ದಾನ ಕೊಡುತ್ತಿದ್ದ ಊರು ಇದು. ನಮ್ಮ ವೀರಗಲ್ಲುಗಳನ್ನು ನೆನಪಿಸುವ ಛಾಯಾಸ್ತಂಭಗಳೂ ಇಲ್ಲಿದ್ದವು. ರಾಜನಿಗೆ ಮಾತ್ರವಲ್ಲ, ಸತ್ತ ಯೋಧರಿಗೆ, ಕುಶಲಕರ್ಮಿಗೆ ಕೂಡ. ಶಾಸನ ಹೊತ್ತ ಕಲ್ಲುಗಳು ಉಳಿದವು. ಬನವಾಸಿಯ ರಾಣಿ ತವರಿಗೆ ಬಂದಾಗ ನಡೆದಾಡಿದ ಬೀದಿ ನೀರಿನಡಿಯಲ್ಲಿದೆ.

ಇದೇ ನದಿಯ ಮೇಲ್ದಂಡೆಯಲ್ಲಿ, ನಮ್ಮ ಕೂಡಲಸಂಗಮದಲ್ಲಿ, ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದೇವೆ. ನಾರಾಯಣಪುರ ಅಣೆಕಟ್ಟಿನ ನೀರು ಏರುವುದು ಗೊತ್ತಾದಾಗ ಬಸವಣ್ಣನ ಐಕ್ಯಮಂಟಪವನ್ನು ಅಲ್ಲಿಂದ ಎತ್ತಲಿಲ್ಲ. ಅದರ ಸುತ್ತ ಬಾವಿಯಂತೆ ಗೋಡೆ ಕಟ್ಟಿದರು. ಭಕ್ತರು ನೀರಿನ ಮೇಲಿನ ಸೇತುವೆಯಲ್ಲಿ ನಡೆದು, ಮೆಟ್ಟಿಲು ಇಳಿದು ಕೆಳಗೆ ಹೋಗುತ್ತಾರೆ. ಗೋಡೆಯ ಆಚೆ ತಲೆಗಿಂತ ಎತ್ತರದಲ್ಲಿ ಕೃಷ್ಣೆ ನಿಂತಿರುತ್ತಾಳೆ. ಮುಳುಗಡೆ ಎಂದರೇನು ಎಂದು ಅಲ್ಲಿ ಯಾವ ಗೈಡೂ ವಿವರಿಸಬೇಕಾಗಿಲ್ಲ, ಕಾಲಿಗೇ ಗೊತ್ತಾಗುತ್ತದೆ. ಸಂಗಮದಲ್ಲಿ ಜಾಗವನ್ನು ಉಳಿಸಿಕೊಂಡು ನೀರನ್ನು ಹೊರಗಿಟ್ಟೆವು. ನಾಗಾರ್ಜುನಕೊಂಡದಲ್ಲಿ ವಸ್ತುವನ್ನು ಉಳಿಸಿಕೊಂಡು ಜಾಗವನ್ನು ಬಿಟ್ಟುಕೊಟ್ಟೆವು. ಅಷ್ಟು ದೊಡ್ಡ ಕಣಿವೆಗೆ ಗೋಡೆ ಕಟ್ಟಲು ಆಗುತ್ತಿರಲಿಲ್ಲ, ಒಪ್ಪೋಣ. ಆದರೆ ಜಾಗ ಹೋದ ಕಡೆ ಮಾತಿನ ಹೊಣೆ ಹೆಚ್ಚಾಗುತ್ತದೆ. ಕಾಲಿಗೆ ಗೊತ್ತಾಗದ್ದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹೇಳದಿದ್ದರೆ ಏನಾಗುತ್ತದೆ? ಲಾಂಚಿನಿಂದ ಇಳಿದವರು ಹಸಿರು ಹುಲ್ಲುಹಾಸು, ಹೂವಿನ ಗಿಡ, ಸುತ್ತ ನೀಲಿ ನೀರು ನೋಡುತ್ತಾರೆ. ನಡುವೆ ಅಲ್ಲಲ್ಲಿ ಮೊಣಕಾಲೆತ್ತರದ ಇಟ್ಟಿಗೆ ಗೋಡೆಗಳು. ಬೌದ್ಧ ಭಿಕ್ಷುಗಳು ಏಕಾಂತಕ್ಕಾಗಿ ನದಿಯ ನಡುವಿನ ಈ ದ್ವೀಪವನ್ನು ಆರಿಸಿಕೊಂಡರು ಎಂದು ಒಬ್ಬ ತಂದೆ ತನ್ನ ಮಗನಿಗೆ ವಿವರಿಸುತ್ತಿದ್ದುದನ್ನು ಅಲ್ಲಿ ನಾನೇ ಕೇಳಿದ್ದೇನೆ. ಅವರ ತಪ್ಪೇನೂ ಇಲ್ಲ. ಕಣ್ಣಿಗೆ ಕಂಡದ್ದರಿಂದ ಅವರು ಕಟ್ಟಿಕೊಂಡ ಕಥೆ ಅಷ್ಟೇ ತರ್ಕಬದ್ಧವಾಗಿತ್ತು. ಆದರೆ ನಿಜ ಅದಕ್ಕೆ ಪೂರ್ತಿ ವಿರುದ್ಧ. ಆ ವಿಹಾರಗಳು ನಿಂತದ್ದು ಗಿಜಿಗುಡುವ ರಾಜಧಾನಿಯ ಪಕ್ಕದಲ್ಲಿ, ದೇಶದೇಶಗಳ ಜನ ಬಂದು ಹೋಗುವ ನದೀತೀರದಲ್ಲಿ.

ನಿಸರ್ಗದ ಕತೆಯೂ ಹೀಗೇ. ನೀರಿನ ನಡುವೆ ಇದೆ ಎಂದು ಇದನ್ನು ಉಷ್ಣವಲಯದ ಹಸಿರು ದ್ವೀಪವೆಂದು ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಇಲ್ಲಿನದು ನಲ್ಲಮಲದ ಒಣ ಎಲೆಯುದುರುವ ಕಾಡು. ಬೇಸಿಗೆಯಲ್ಲಿ ಬೋಳಾಗುವ ಮರಗಳು, ಕುರುಚಲು, ಬಂಡೆ. ಹುಲ್ಲುಹಾಸು ತೋಟಗಾರಿಕೆಯವರದು. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಸುತ್ತ ಗಿಡವಿಲ್ಲದ ಕಂದು ಪಟ್ಟಿಯೊಂದು ಕಾಣುತ್ತದೆ. ನಿಜವಾದ ದ್ವೀಪಕ್ಕೆ ಅಂಥ ಪಟ್ಟಿ ಇರುವುದಿಲ್ಲ. ಅದನ್ನು ಬೊಟ್ಟು ಮಾಡಿ ತೋರಿಸಿದರೆ ಸಾಕು, ಶಾಲೆಯ ಮಗುವಿಗೂ ಅರ್ಥವಾಗುತ್ತದೆ.

ಇನ್ನು ಮನುಷ್ಯರ ವಿಷಯ. ಲಾಂಗ್‌ಹರ್ಸ್ಟ್ ಬಂದಾಗ ಆ ಕಣಿವೆ ಖಾಲಿಯಿರಲಿಲ್ಲ. ಪುಲ್ಲಾರೆಡ್ಡಿಗೂಡೆಂ ಎಂಬ ಹಳ್ಳಿಯಿತ್ತು. ಲಂಬಾಣಿಗರಿದ್ದರು. ಸುತ್ತಲ ಕಾಡಿನಲ್ಲಿ ಚೆಂಚು ಜನರಿದ್ದರು. ಹದಿನೇಳು ಶತಮಾನದ ಹಿಂದಿನ ರಾಣಿಯರ ಹೆಸರುಗಳನ್ನು ಮ್ಯೂಸಿಯಂ ನಮಗೆ ಹೇಳುತ್ತದೆ. ಅರವತ್ತು ವರ್ಷದ ಹಿಂದೆ ಅಲ್ಲಿ ಒಲೆ ಹಚ್ಚಿದವರ ಒಂದು ಹೆಸರೂ ಪ್ರವಾಸದ ಮಾತಿನಲ್ಲಿ ಬರುವುದಿಲ್ಲ. ಸ್ತೂಪಗಳಿಗೆ ನಂಬರು ಹಾಕಿ, ನಕ್ಷೆ ಬರೆದು, ಕಲ್ಲು ಕಲ್ಲನ್ನೂ ಮೇಲಕ್ಕೆ ಸಾಗಿಸಿದ ಅದೇ ದೇಶ ಹಳ್ಳಿಗಳನ್ನು ಅಷ್ಟು ಜೋಪಾನವಾಗಿ ಸಾಗಿಸಲಿಲ್ಲ.

ಅಣೆಕಟ್ಟೇ ಬೇಡವಾಗಿತ್ತು ಎಂದು ಹೇಳುವುದು ನನ್ನ ಉದ್ದೇಶವಲ್ಲ. 124 ಮೀಟರ್ ಎತ್ತರದ, ಕಲ್ಲುಗಾರೆಯಲ್ಲಿ ಕಟ್ಟಿದ ಆ ಗೋಡೆಯ ಹಿಂದಿನ ನೀರು ಎರಡೂ ದಂಡೆಗಳ ಲಕ್ಷಾಂತರ ಎಕರೆಗೆ ಹರಿದಿದೆ, ಬಡತನ ಕಳೆದಿದೆ. ಇನ್ನೂ ಹತ್ತಿರದ ಸಂಗತಿಯೊಂದಿದೆ. 2004ರಿಂದ ಹೈದರಾಬಾದಿನ ನಲ್ಲಿಗಳಿಗೆ ಕೃಷ್ಣಾ ನೀರು ಬರುತ್ತಿದೆ; ಅದರ ಮೂಲ ಇದೇ ಸಾಗರ. ಅಂದರೆ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಪ್ರವಾಸಿಗ ಮನೆಯಲ್ಲಿ ಬಾಟಲಿಗೆ ತುಂಬಿಕೊಂಡದ್ದು ಆ ಕಣಿವೆಯನ್ನು ಮುಳುಗಿಸಿದ ನೀರೇ ಇರಬಹುದು. ನಾನೂ ಅದನ್ನೇ ಕುಡಿಯುತ್ತೇನೆ. ಆದ್ದರಿಂದಲೇ ಇದು ದೂರದ ಯಾರದೋ ಕಥೆ ಎಂದು ತಳ್ಳಿಹಾಕುವಂತಿಲ್ಲ. ಉಪಕಾರ ಪಡೆದವರು ಕೊಟ್ಟವರ ಹೆಸರು ಕೇಳಿ ತಿಳಿಯುವುದು ನಮ್ಮಲ್ಲಿ ಹಳೆಯ ಮರ್ಯಾದೆ.

ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಮುಳುಗಡೆಯ ದುಃಖ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನಿಜ ಹೇಳಿದರೆ ಪ್ರವಾಸ ಕೆಡುತ್ತದೆ ಎಂಬುದು ಪ್ರವಾಸಿಗರನ್ನು ಕಡಿಮೆ ಅಂದಾಜು ಮಾಡುವ ಮಾತು. ಮಕ್ಕಳಿಗೆ ಹುಲ್ಲುಹಾಸಿನಲ್ಲಿ ಅರ್ಧ ಗಂಟೆಗೆ ಬೇಸರ ಬರುತ್ತದೆ. ಲಾಂಚಿನ ಕೆಳಗೊಂದು ಪಟ್ಟಣವಿದೆ ಎಂದರೆ ಕಂಬಿ ಹಿಡಿದು ಬಗ್ಗಿ ನೋಡುತ್ತಾರೆ. ಇಟ್ಟಿಗೆಯ ಗೋಡೆಯಲ್ಲಿ ಏನೂ ಕಾಣದವರಿಗೂ ಇದನ್ನು ಕೆಳಗಿನಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದರು ಎಂದಾಗ ಆ ಇಟ್ಟಿಗೆ ಬೇರೆಯಾಗಿ ಕಾಣುತ್ತದೆ. ಗೈಡ್‌ಗಳನ್ನು ದೂರಿ ಪ್ರಯೋಜನವಿಲ್ಲ. ದಡದಲ್ಲಿ ಸಿಗುವ ಸುಮಾರು ಒಂದು ಗಂಟೆಯಲ್ಲಿ ನಲವತ್ತು ಜನರನ್ನು ಎಣಿಸಿ ಮರಳಿ ಲಾಂಚ್ ಹತ್ತಿಸುವುದೇ ಅವರಿಗೆ ದೊಡ್ಡ ಕೆಲಸ. ಹಾಗಾಗಿ ಹೊಸ ಕಟ್ಟಡ, ಹೊಸ ಬಜೆಟ್ ಕೇಳದ, ಅನುಕ್ರಮವನ್ನಷ್ಟೇ ಬದಲಿಸುವ ಸಲಹೆ ನನ್ನದು.

ದ್ವೀಪದ ಮ್ಯೂಸಿಯಂನ ಕೊನೆಯ ಭಾಗದಲ್ಲಿ ಮುಳುಗುವ ಮುಂಚಿನ ಇಡೀ ಕಣಿವೆಯ ಒಂದು ಮಾದರಿ ಇದೆ. ಗುಡ್ಡಗಳು, ನದಿ, ಎಲ್ಲೆಲ್ಲಿ ಏನು ಸಿಕ್ಕಿತು ಎಂಬ ಗುರುತುಗಳು ಅದರಲ್ಲಿವೆ. ಶಿಲ್ಪಗಳನ್ನು ನೋಡಿ ದಣಿದು, ಲಾಂಚಿನ ಹೊತ್ತಾಯಿತು ಎಂಬ ಅವಸರದಲ್ಲಿ ಜನ ಅದನ್ನು ದಾಟಿ ಹೋಗುತ್ತಾರೆ. ಪ್ರವಾಸ ಅಲ್ಲಿಂದಲೇ ಶುರುವಾಗಲಿ. ಮೊದಲ ಐದು ನಿಮಿಷ ಆ ಮಾದರಿಯ ಸುತ್ತ ನಿಲ್ಲಿಸಿ, ನಾವೀಗ ನಿಂತಿರುವ ನೆತ್ತಿ ಇದು, ಲಾಂಚ್ ದಾಟಿ ಬಂದದ್ದು ಇದರ ಮೇಲೆ ಎಂದು ಬೆರಳಿಟ್ಟು ತೋರಿಸಿದರೆ ಉಳಿದ ಹೊತ್ತು ತಾನಾಗಿ ಅರ್ಥವಾಗುತ್ತದೆ. ಅದರ ಪಕ್ಕದಲ್ಲಿ ಬಿಟ್ಟುಹೋದ ಹಳ್ಳಿಗಳ ಹೆಸರಿನ ಒಂದು ಫಲಕ ಇರಲಿ. ಈಜಿಪ್ಟಿನ ಆಸ್ವಾನ್ ಪಟ್ಟಣದಲ್ಲಿ 1997ರಲ್ಲಿ ತೆರೆದ ನೂಬಿಯಾ ಮ್ಯೂಸಿಯಂ ಪ್ರಾಚೀನ ಶಿಲ್ಪಗಳ ಜೊತೆಗೆ ನೂಬಿಯಾದ ಜನರ ಬದುಕನ್ನೂ ತೋರಿಸುತ್ತದೆ. ನಮ್ಮಲ್ಲೂ ಅದು ಆಗದ ಮಾತಲ್ಲ.

ಈ ಮಾತು ಕರ್ನಾಟಕಕ್ಕೂ ಸಲ್ಲುತ್ತದೆ. ಲಿಂಗನಮಕ್ಕಿಯಿಂದ ಶರಾವತಿ ಕಣಿವೆ ಮುಳುಗಿ ಅರವತ್ತು ವರ್ಷವಾಯಿತು. ಅಲ್ಲಿ ಗುಡ್ಡಗಳು ದ್ವೀಪಗಳಾದವು. ಮುಳುಗಡೆ ಎಂಬ ಪದ ಮಲೆನಾಡಿನಲ್ಲಿ ಒಂದು ತಲೆಮಾರಿನ ಗುರುತೇ ಆಯಿತು. ನಾ. ಡಿಸೋಜ ಅದರ ಬಗ್ಗೆ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಸಿಗಂದೂರಿನ ಲಾಂಚಿನಲ್ಲಿ ಕಾಯುತ್ತ ನಿಂತಾಗ ಪಕ್ಕದ ಹಿರಿಯರೊಬ್ಬರು ನಮ್ಮ ಗದ್ದೆ ಅಲ್ಲಿತ್ತು ಎಂದು ನೀರಿನತ್ತ ಕೈ ತೋರಿಸುವುದು ಸಾಮಾನ್ಯವಾಗಿತ್ತು. 2025ರ ಜುಲೈನಲ್ಲಿ ಸೇತುವೆ ಬಂತು. ಅಲ್ಲಿನ ಜನರಿಗೆ ದಶಕಗಳ ಪಾಡು ತಪ್ಪಿತು, ಸಂತೋಷವೇ. ಆದರೆ ಕಾರುಗಳು ಈಗ ಕೆಲವೇ ನಿಮಿಷಗಳಲ್ಲಿ ನೀರು ದಾಟುತ್ತವೆ, ಹೇಳುವ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಹಿನ್ನೀರಿನ ಆ ದ್ವೀಪಗಳು ಚಂದದ ದ್ವೀಪಗಳಷ್ಟೇ ಆಗಿ ಉಳಿಯುತ್ತವೆಯೋ ಎಂಬುದು ಈಗ ನಾವು ಏನನ್ನು ಬರೆದಿಡುತ್ತೇವೆ, ಯಾವ ಫಲಕ ನೆಡುತ್ತೇವೆ ಎಂಬುದರ ಮೇಲಿದೆ. ನಾಗಾರ್ಜುನಕೊಂಡ ಅದಕ್ಕೆ ಮುಂಚಿತವಾಗಿ ಸಿಕ್ಕ ಎಚ್ಚರಿಕೆ.

ಹೈದರಾಬಾದಿಗೆ ಬಂದರೆ ಖಂಡಿತ ಹೋಗಿಬನ್ನಿ. ಮ್ಯೂಸಿಯಂಗೆ ಶುಕ್ರವಾರ ರಜೆ, ಆ ದಿನ ಬಿಡಿ. ಬಿಸಿಲಿಗೆ ಟೋಪಿ, ಕುಡಿಯಲು ನೀರು ಇರಲಿ. ದಡ ಮುಟ್ಟಿದ ಕೂಡಲೇ ಉಳಿದವರು ಫೋಟೋಗೆ ನಿಲ್ಲುವ ಹೊತ್ತಿನಲ್ಲಿ ನೀವು ನೇರ ಆ ಮಾದರಿಯ ಬಳಿ ಹೋಗಿ. ಗೈಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಈ ನೀರಿನ ಕೆಳಗೆ ಯಾವ ಯಾವ ಊರುಗಳಿದ್ದವು? ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವರು ಕೇಳದೆಯೇ ಹೇಳುತ್ತಾರೆ.