‘ಸಹಕರಿಸಿದ ಎಲ್ಲರಿಗೂ’

ಪುಸ್ತಕದ ಕಡೆಯ ಪುಟಗಳ ಪದಸೂಚಿಯನ್ನು ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಅನ್ನ ಹದವಾಗಿ ಬೆಂದಿದ್ದರೆ ಅಕ್ಕಿ ಆರಿಸಿದವರನ್ನು ನೆನೆಯುವವರುಂಟೇ? ಹಲ್ಲಿಗೆ ಕಲ್ಲು ಸಿಕ್ಕಿದಾಗ ಮಾತ್ರ ‘ಯಾರು ಆರಿಸಿದ್ದು?’ ಎಂಬ ಪ್ರಶ್ನೆ ಏಳುತ್ತದೆ.

ಈ ಮಾತಿಗೆ ನಾನು ಕೊಡುವ ಉದಾಹರಣೆ ಕೇಳಿ ಕೆಲವರು ನಗಬಹುದು. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿ. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿತ್ತು. ಚೂಪುಗಿವಿಯ ಸ್ಪಾಕ್‌ನನ್ನು ನೀವೂ ನೋಡಿರಬಹುದು. ‘ಅದು ಗಂಡುಹುಡುಗರ ಆಟ, ನಿಮಗೇಕೆ?’ ಎನ್ನುವವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅದು ಅಲ್ಲಿ ಮೊದಲು ಪ್ರಸಾರವಾದದ್ದು 1966ರ ಸೆಪ್ಟೆಂಬರ್ 8ರಂದು, ಕೊನೆಗೊಂಡದ್ದು 1969ರ ಜೂನ್ 3ರಂದು. ಒಟ್ಟು 79 ಕಂತು. ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಎಂದು ಎಲ್ಲರೂ ಬಲ್ಲರು. ಅದನ್ನು ತಯಾರಿಸಿದ ಸ್ಟುಡಿಯೋದ ಒಡತಿ ಲೂಸಿಲ್ ಬಾಲ್ ಎಂಬ ನಟಿ ಎಂದು ಎಷ್ಟು ಜನರಿಗೆ ಗೊತ್ತು? ಸ್ಪಾಕ್‌ನ ತಂದೆತಾಯಿಯರನ್ನು ಕಥೆಗೆ ತಂದ ಡಿ. ಸಿ. ಫಾಂಟಾನಾ, ರಾಡನ್‌ಬೆರಿಯ ಕಾರ್ಯದರ್ಶಿಯಾಗಿದ್ದು ಕಥಾ ಸಂಪಾದಕಿಯಾದವರು. ‘ಡಿ’ ಎಂದರೆ ಡೊರೊತಿ. ಹೆಣ್ಣೆಂದು ತಿಳಿದರೆ ಬರಹವನ್ನು ಓದುವ ಕಣ್ಣೇ ಬದಲಾಗುತ್ತದೆಂದು ಆಕೆ ಹೆಸರನ್ನು ಅಕ್ಷರಗಳ ಹಿಂದೆ ಮರೆಮಾಡಿದರು.

ಎರಡನೆಯ ವರ್ಷದಲ್ಲೇ ಧಾರಾವಾಹಿ ನಿಲ್ಲುವುದರಲ್ಲಿತ್ತು. ಬೀಜೋ ಟ್ರಿಂಬಲ್ ಎಂಬಾಕೆ ಗಂಡನೊಂದಿಗೆ ಸೇರಿ ಊರೂರಿನ ಅಭಿಮಾನಿಗಳಿಂದ ಪತ್ರ ಬರೆಸಿದರು. 1968ರ ಮಾರ್ಚ್ 1ರಂದು, ಕಂತು ಮುಗಿದ ಮೇಲೆ, ‘ಧಾರಾವಾಹಿ ಮುಂದುವರಿಯುತ್ತದೆ’ ಎಂದು ವಾಹಿನಿಯೇ ಸಾರಬೇಕಾಯಿತು.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಕೆಯ ಇನ್ನೊಂದು ಕೆಲಸ. ಮನೆಯಲ್ಲಿ ವಿಡಿಯೋ ಹಾಕಿ ಮತ್ತೆ ನೋಡುವ ಕಾಲವಲ್ಲ ಅದು. ಡೊರೊತಿ ಜೋನ್ಸ್ ಎಂಬ ಇನ್ನೊಬ್ಬ ಡೊರೊತಿ ಪಾತ್ರ, ಗ್ರಹ, ನೌಕೆ, ಉಪಕರಣ ಎಲ್ಲವನ್ನೂ ಕಾರ್ಡುಗಳಲ್ಲಿ ಗುರುತಿಸಿಟ್ಟಿದ್ದರು. ಅದರ ಮೇಲೆ ಬೀಜೋ ಕಟ್ಟಿದ ಅಕಾರಾದಿ ಕೋಶವೇ ‘ಸ್ಟಾರ್ ಟ್ರೆಕ್ ಕನ್ಕಾರ್ಡೆನ್ಸ್’. 1969ರಲ್ಲಿ ಅಭಿಮಾನಿಗಳೇ ಹೊರತಂದರು. 1976ರಲ್ಲಿ ದೊಡ್ಡ ಪ್ರಕಾಶಕರು ಅಚ್ಚುಹಾಕಿದರು.

‘ಇದ್ದುದನ್ನು ಬರೆದಿಡುವುದು ಗುಮಾಸ್ತಗಿರಿ’ ಎನ್ನುತ್ತಾರೆ. ಹಾಗಾದರೆ ಕಿಟೆಲ್ 1894ರಲ್ಲಿ ಮಾಡಿದ್ದೇನು? ಇದ್ದ ಶಬ್ದಗಳನ್ನು ಜೋಡಿಸಿದ್ದು ತಾನೆ? ಅದನ್ನು ವಿದ್ವತ್ತೆಂದು ತಲೆಯ ಮೇಲಿಟ್ಟುಕೊಳ್ಳುತ್ತೇವೆ; ಹೆಂಗಸು ಮಾಡಿದರೆ ‘ಪಾಪ, ತಾಳ್ಮೆ ಇದೆ’ ಎನ್ನುತ್ತೇವೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು, ಎರಡು ಕಡೆ ಎರಡು ಥರ ಇದ್ದರೆ ಯಾವುದು ಸರಿ? ಇವನ್ನೆಲ್ಲ ತೀರ್ಮಾನಿಸುವುದು ತಾಳ್ಮೆಯಲ್ಲ, ಬುದ್ಧಿ.

ಬರೆದಿಟ್ಟ ದಾಖಲೆ ಏಕೆ ಬೇಕೆಂದರೆ, ನೆನಪು ಯಾವಾಗಲೂ ತನ್ನ ಒಡೆಯನ ಕಡೆಗೇ ವಾಲುತ್ತದೆ. ಮೊದಲ ಪ್ರಾಯೋಗಿಕ ಕಂತಿನಲ್ಲಿ ನೌಕೆಯ ಎರಡನೆಯ ಅಧಿಕಾರಿ ಒಬ್ಬ ಹೆಂಗಸು. ಆ ಪಾತ್ರವನ್ನು ಕೈಬಿಡಲಾಯಿತು. ಹೆಣ್ಣು ಅಧಿಕಾರದಲ್ಲಿರುವುದು ವಾಹಿನಿಗೆ ಹಿಡಿಸಲಿಲ್ಲವೆಂದು ರಾಡನ್‌ಬೆರಿ ಹೇಳುತ್ತ ಬಂದರು. ಅವರೊಂದಿಗೆ ದುಡಿದ ಹರ್ಬರ್ಟ್ ಸೊಲೋ ಮತ್ತು ರಾಬರ್ಟ್ ಜಸ್ಟ್‌ಮನ್ 1996ರಲ್ಲಿ ಪುಸ್ತಕ ಬರೆದು, ವಾಹಿನಿಯ ತಕರಾರಿದ್ದದ್ದು ಆ ನಟಿಯ ಬಗ್ಗೆ, ಹೆಣ್ಣಿನ ಬಗ್ಗೆ ಅಲ್ಲ ಎಂದರು. ದೊಡ್ಡವರ ಮಾತನ್ನು ತೂಗಲು ತಕ್ಕಡಿ ಬೇಡವೇ? ಆ ತಕ್ಕಡಿಯನ್ನು ಮಾಡಿಡುವವರು ಕೋಶ ಕಟ್ಟುವವರು.

ಇಷ್ಟು ಕಟುವಾಗಿ ಬರೆಯಲು ನನಗೂ ಕಾರಣವಿದೆ. ಹಿರಿಯರೊಬ್ಬರ ಸಂಶೋಧನ ಗ್ರಂಥಕ್ಕೆ ಎರಡು ಬೇಸಿಗೆ ಕೂತು ಪದಸೂಚಿ ಮಾಡಿಕೊಟ್ಟೆ. ಮದುವೆ ಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಚೀಟಿ ಮಾಡಿ, ಮಕ್ಕಳು ಮಲಗಿದ ಮೇಲೆ ನಡುಮನೆಯಲ್ಲಿ ಹರಡಿಕೊಂಡು ಜೋಡಿಸುತ್ತಿದ್ದೆ. ಫ್ಯಾನು ಹಾಕುವ ಹಾಗಿರಲಿಲ್ಲ. ಗ್ರಂಥ ಬಂತು. ಮುದ್ರಕರಿಗೆ, ಕರಡು ತಿದ್ದಿದ ಶಿಷ್ಯನಿಗೆ ಹೆಸರು ಹೇಳಿ ವಂದನೆ. ನನ್ನ ಪಾಲಿಗೆ ‘ಸಹಕರಿಸಿದ ಎಲ್ಲರಿಗೂ’. ಕೇಳಿದ್ದಕ್ಕೆ, “ನೀನು ಮನೆಯವಳ ಹಾಗಲ್ಲವೇನಮ್ಮ?” ಎಂದರು. ಮನೆಯವಳಿಗೆ ಕೂಲಿಯೂ ಇಲ್ಲ, ಹೆಸರೂ ಇಲ್ಲ ಎಂಬ ಕಾನೂನು ಎಷ್ಟು ಮೃದುವಾಗಿ ಬಂತು ನೋಡಿ!

ಹೆಸರಿಗೆ ಆಸೆಪಡುವುದು ಹೆಂಗಸಿಗೆ ಚೆಂದವಲ್ಲ ಎಂದು ನಮಗೆ ಕಲಿಸಿದ್ದಾರೆ. ಇದು ಆಸೆಯಲ್ಲ, ಲೆಕ್ಕ. ಹಾಲಿನವನ ಲೆಕ್ಕ ತಪ್ಪಿದರೆ ಬಿಡುತ್ತೇವೆಯೇ? ಮಹಿಳಾ ಸಮಾಜದ ಸ್ಮರಣ ಸಂಚಿಕೆಯಾಗಲಿ, ಮನೆತನದ ವಂಶವೃಕ್ಷವಾಗಲಿ, ಮಾವನವರ ಆತ್ಮಕಥೆಯಾಗಲಿ, ಇನ್ನು ಮುಂದೆ ಚೀಟಿ ಕೈಗೆತ್ತಿಕೊಳ್ಳುವ ಮೊದಲೇ ಕೇಳಿಬಿಡಿ: ‘ನನ್ನ ಹೆಸರು ಯಾವ ಪುಟದಲ್ಲಿ?’ ಉತ್ತರ ಬಾರದಿದ್ದರೆ, ಅವರ ಪದಸೂಚಿಯನ್ನು ಅವರೇ ಮಾಡಿಕೊಳ್ಳಲಿ.