ಕೀಲಿನ ಸ್ಟಿಕ್ಕರ್ ಕೇಳಿ ಪಡೆಯಿರಿ



ಸೊಂಟದ ಕೀಲು ಬದಲಿಸುವ ಆಪರೇಷನ್ ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ, ಅಥವಾ ಆಗಬೇಕಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ಸಿಮೆಂಟ್ ಹಾಕದೆ ಕೂರಿಸುವ ಕೀಲು ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಟೈಟಾನಿಯಂ ದಂಡದ ಮೈ ಉಪ್ಪುಕಾಗದದ ಹಾಗೆ ತರಿತರಿಯಾಗಿರುತ್ತದೆ. ಅದನ್ನು ತೊಡೆಮೂಳೆಯೊಳಕ್ಕೆ ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಕೆಲವು ತಿಂಗಳಲ್ಲಿ ಮೂಳೆಯೇ ಬೆಳೆದು ಆ ತರಿಯನ್ನು ಕಚ್ಚಿಕೊಳ್ಳುತ್ತದೆ. ನಾನು ಇದನ್ನು ವಿರೋಧಿಸುತ್ತಿಲ್ಲ. ಗಟ್ಟಿ ಮೂಳೆಯವರಲ್ಲಿ ಇಪ್ಪತ್ತು ವರ್ಷ ದಾಟಿಯೂ ಇದು ಚೆನ್ನಾಗಿ ಬಾಳುತ್ತದೆ. ಆದರೆ 75 ದಾಟಿ ಮೂಳೆ ಟೊಳ್ಳಾದವರಲ್ಲಿ ದಂಡದ ಸುತ್ತ ಮೂಳೆ ಸೀಳುವ ಅಪಾಯ ಸಿಮೆಂಟ್ ಕೀಲಿಗಿಂತ ಹೆಚ್ಚು. ವಯಸ್ಸಾದವರನ್ನು ಕರೆದೊಯ್ದಾಗ ಡಾಕ್ಟರರನ್ನು ಈ ಬಗ್ಗೆ ಕೇಳಲು ಸಂಕೋಚಪಡಬೇಡಿ.

ಇಂಥ ವಿಷಯ ಒಬ್ಬ ಡಾಕ್ಟರರ ಅನುಭವದಿಂದ ತಿಳಿಯುವುದಲ್ಲ. ಸ್ವೀಡನ್ 1979ರಿಂದ, ಆಸ್ಟ್ರೇಲಿಯಾ 1999ರಿಂದ ಸೊಂಟದ ಕೀಲುಗಳ ಲೆಕ್ಕ ಬರೆದಿಡುತ್ತಿವೆ: ಯಾರಿಗೆ ಯಾವ ಕಂಪನಿಯ ಯಾವ ಕೀಲು, ಮತ್ತೆ ಬಿಚ್ಚಬೇಕಾಯಿತೇ, ಎಷ್ಟು ವರ್ಷಕ್ಕೆ.

ಇಂಥ ಲೆಕ್ಕದ ಬೆಲೆ ಗೊತ್ತಾದದ್ದು ಡಿಪ್ಯೂ ಕಂಪನಿಯ ಎಎಸ್ಆರ್ ಕೀಲಿನ ವಿಷಯದಲ್ಲಿ. ಚೆಂಡು ಕೂರುವ ಅದರ ಬಟ್ಟಲೂ ಸಿಮೆಂಟ್ ಇಲ್ಲದೆ ಕೂರುವಂಥದ್ದೇ. ಆದರೆ ದೊಡ್ಡ ತೊಂದರೆ ಇದ್ದದ್ದು ಉಜ್ಜಾಟದಲ್ಲಿ. ಲೋಹದ ಚೆಂಡು ಲೋಹದ ಬಟ್ಟಲಿಗೆ ಉಜ್ಜಿ, ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಸೇರಿದವು, ಸುತ್ತಲಿನ ಮಾಂಸ ಕೆಟ್ಟಿತು. ಮೊದಲೇ ಎಚ್ಚರಿಸಿದ್ದು ಆಸ್ಟ್ರೇಲಿಯಾದ ಆ ದಾಖಲೆ. 2009ರ ಕೊನೆಯಲ್ಲಿ ಅಲ್ಲಿ ಅದರ ಮಾರಾಟ ನಿಂತಿತು, 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಯಲಾಯಿತು. ಭಾರತದಲ್ಲಿ ಇದನ್ನು ಹಾಕಿದ ಸುಮಾರು 4,700 ಆಪರೇಷನ್‌ಗಳು ನಡೆದಿದ್ದವು. ಹೆಚ್ಚಿನವರ ಪತ್ತೆಯೇ ಸಿಗಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರ ಗೊತ್ತುಮಾಡಿತು. ತಮ್ಮೊಳಗೆ ಯಾವ ಕೀಲಿದೆ ಎಂದೇ ತಿಳಿಯದವರು ಯಾವ ಕಾಗದ ಹಿಡಿದು ಅರ್ಜಿ ಹಾಕಬೇಕಿತ್ತು?

ಕೀಲಿನ ಡಬ್ಬಿಯೊಳಗೇ ಸಣ್ಣ ಬಿಳಿ ಸ್ಟಿಕ್ಕರ್‌ಗಳಿರುತ್ತವೆ. ಕಂಪನಿ, ಮಾದರಿ, ಅಳತೆ, ಲಾಟ್ ನಂಬರ್ ಎಲ್ಲವೂ ಅದರಲ್ಲಿ. ಥಿಯೇಟರಿನಲ್ಲಿ ಅವನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ನನ್ನ ತಾಯಿಯ ಡಿಸ್ಚಾರ್ಜ್ ಕಾಗದದಲ್ಲಿ ಇದ್ದದ್ದು ಮಾತ್ರ ‘ಸಿಮೆಂಟ್‌ರಹಿತ, ಎಡಗಡೆ’ ಎಂಬ ಎರಡು ಮಾತು. ನೋವು ಮರುಕಳಿಸಿ ಆ ಆಸ್ಪತ್ರೆಗೆ ಹೋದರೆ ಫೈಲೇ ಇಲ್ಲ ಎಂದರು. 2002ರ ವೈದ್ಯಕೀಯ ಮಂಡಳಿಯ ನಿಯಮದಂತೆ ಒಳರೋಗಿಯ ದಾಖಲೆಯನ್ನು ಇಡಬೇಕಾದದ್ದು ಮೂರೇ ವರ್ಷ. ಇಪ್ಪತ್ತು ವರ್ಷ ಬಾಳುವ ಕೀಲಿಗೆ ಮೂರು ವರ್ಷದ ಫೈಲು!

ಪ್ರತಿಯೊಂದು ಕೀಲನ್ನೂ ರಾಷ್ಟ್ರೀಯ ದಾಖಲೆಗೆ ಸೇರಿಸುವುದು ಕಡ್ಡಾಯವಾಗಬೇಕು. ಸ್ಟಿಕ್ಕರಿನ ಒಂದು ಪ್ರತಿ ರೋಗಿಯ ಕೈಗೆ ಸಿಗಬೇಕು. ಸರ್ಕಾರದ ದುಡ್ಡಿನಲ್ಲಿ ಆಗುವ ಆಪರೇಷನ್‌ಗಳಿಂದಲೇ ಇದು ಶುರುವಾಗಲಿ.

ಅಲ್ಲಿಯವರೆಗೆ ನೀವೇ ಕೇಳಿ. ಆಪರೇಷನ್ ಆಗಿ ಮೂರು ವರ್ಷ ತುಂಬಿಲ್ಲದವರು ಈ ವಾರವೇ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋಗಿ, ಸ್ಟಿಕ್ಕರ್ ಅಂಟಿಸಿದ ಪುಟದ ಜೆರಾಕ್ಸ್ ಮಾಡಿಸಿ, ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.