ಸಂತೆಯ ಸೊಪ್ಪು ಬೇರೆ, ಹುಡುಗರ ‘ಸೊಪ್ಪು’ ಬೇರೆ

ಆನಗೋಡು: ಮೆಂತ್ಯ, ಪಾಲಕ್, ಪುಂಡಿ, ರಾಜಗಿರಿ. ಈ ಭಾಗದಲ್ಲಿ ಸೊಪ್ಪು ಅಂದ್ರೆ ಸಾರಿಗೆ, ಪಲ್ಯಕ್ಕೆ. ಆದರೆ ಹುಡುಗರ ಬಾಯಲ್ಲಿ ‘ಸೊಪ್ಪು ಹೊಡಿಯೋದು’ ಅಂದ್ರೆ ಗಾಂಜಾ ಸೇದೋದು. ಮನೆಯವರ ಎದುರೇ ಫೋನ್‌ನಲ್ಲಿ ‘ಸೊಪ್ಪು ಐತೇನಲೇ’ ಅಂದರೂ ಯಾರಿಗೂ ಅನುಮಾನ ಬರೋದಿಲ್ಲ. ಈ ಪದ ಓಡ್ತಿರೋದೇ ಅದಕ್ಕೆ.

ಪದ ಹೊಸದೇನಲ್ಲ. ಹಿರಿಯರು ‘ಭಂಗಿಸೊಪ್ಪು’ ಅನ್ನುತ್ತಿದ್ದರು. ಭಂಗಿಯ ಮೂಲ ಸಂಸ್ಕೃತದ ‘ಭಂಗಾ’. ತಂಬಾಕಿಗೂ ಕನ್ನಡದಲ್ಲಿ ಹೊಗೆಸೊಪ್ಪು ಅಂತಲೇ ಹೆಸರು. ಈಗ ಭಂಗಿ ಬಿದ್ದುಹೋಗಿ ಬರೀ ಸೊಪ್ಪು ಉಳಿದಿದೆ. ‘ಗಾಂಜಾ’ ಪದವಂತೂ ಸಮುದ್ರವನ್ನೇ ದಾಟಿದೆ. 1845ರಿಂದ ಜಮೈಕಾದ ಕಬ್ಬಿನ ತೋಟಗಳಿಗೆ ಹೋದ ಭಾರತದ ಕೂಲಿಯಾಳುಗಳ ಜೊತೆ ಹೋಗಿ, ಅಲ್ಲಿನವರ ಮಾತಲ್ಲೂ ಸೇರಿಕೊಂಡಿತು.

ಹೆಸರು ಸೊಪ್ಪಾದ್ದರಿಂದ ‘ಎಲೆ ತಾನೇ, ಕೇಸ್ ಆಗಲ್ಲ ಬಿಡು’ ಅನ್ನೋ ಧೈರ್ಯವೂ ಬರುತ್ತೆ. ತಪ್ಪಾಗೋದು ಇಲ್ಲೇ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂವು, ಕಾಯಿ ಬಿಡುವ ತುದಿ. ಆ ತುದಿ ಇಲ್ಲದ ಬರೀ ಎಲೆ, ಬೀಜ ಈ ವ್ಯಾಖ್ಯೆಗೆ ಬರಲ್ಲ, ನಿಜ. ಆದರೆ ‘ಸೊಪ್ಪು’ ಅಂತ ಪೊಟ್ಟಣದಲ್ಲಿ ಕೈ ಬದಲಾಗೋದು ಒಣಗಿದ ಹೂವಿನ ತುದಿಯೇ. ಹೆಸರು ಎಲೆಯದು, ಮಾಲು ಹೂವಿನದು. ಪೊಲೀಸರು ನೋಡೋದು ಮಾಲನ್ನು.

ಲೆಕ್ಕ ಹೀಗಿದೆ. 1 ಕೆಜಿವರೆಗೆ ‘ಸಣ್ಣ ಪ್ರಮಾಣ’: ಇಟ್ಟುಕೊಂಡರೆ 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಹೆಚ್ಚಿದ್ದು 20 ಕೆಜಿಗಿಂತ ಕಡಿಮೆಯಿದ್ದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠವೇ 10 ವರ್ಷ.

ಆನಗೋಡು ಇರೋದು ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ. ಹಾಗಾಗಿ ಅಂಗಡಿ, ಡಾಬಾದವರು ತಿಳಿದಿರಬೇಕಾದ ಮಾತೊಂದಿದೆ. ಗೊತ್ತಿದ್ದೂ ತಮ್ಮ ಜಾಗವನ್ನು ಇಂಥ ದಂಧೆಗೆ ಬಿಟ್ಟುಕೊಟ್ಟರೆ ಸೆಕ್ಷನ್ 25ರಡಿ ಮಾಲೀಕರಿಗೂ ಶಿಕ್ಷೆ. ‘ನಾನು ಮಾರಿಲ್ಲ ಸಾರ್’ ಅಂದರೆ ನಡೆಯಲ್ಲ. ಮೆಕ್ಕೆಜೋಳದ ಸಾಲಿನ ನಡುವೆ ಗಾಂಜಾ ಗಿಡ ಕಂಡರೆ ರೈತರೂ ಸುಮ್ಮನಿರುವಂತಿಲ್ಲ. ಹೊಲದಲ್ಲಿ ಯಾರೇ ಹಾಕಿರಲಿ, ತಕ್ಷಣ ತಿಳಿಸಬೇಕು ಅನ್ನುತ್ತೆ ಸೆಕ್ಷನ್ 46.

ಇನ್ನು ಚಟಕ್ಕೆ ಬಿದ್ದ ಹುಡುಗರ ಮಾತು. ಕೇಸ್ ಆಗುತ್ತೆ, ಮಾನ ಹೋಗುತ್ತೆ ಅಂತ ಮನೆಯವರು ಮುಚ್ಚಿಡುತ್ತಾರೆ. ಆದರೆ ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣಕ್ಕೆ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಮುಂದಾದರೆ, ಸೆಕ್ಷನ್ 64ಎ ರಕ್ಷಣೆ ಕೊಡುತ್ತೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446, ಕರೆ ಉಚಿತ.

ಹುಡುಗರು ನಾಳೆ ಇನ್ನೊಂದು ಪದ ಹುಡುಕಿಕೊಳ್ಳಬಹುದು. ಪದದ ಹಿಂದೆ ಹೋಗೋದಕ್ಕಿಂತ, ಮಗ ರಾತ್ರಿ ಎಲ್ಲಿರ್ತಾನೆ, ಯಾರ ಜೊತೆ ಇರ್ತಾನೆ ಅಂತ ಕೂತು ಕೇಳೋದೇ ಮನೆಯವರಿಗೆ ಇರುವ ದಾರಿ.